ನಗರ ರಸ್ತೆ ಕಾಮಗಾರಿಗಳಲ್ಲಿ ಸಲಹಾ ಶುಲ್ಕ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪಾಲಬಾವಿಯ ವರ್ತಕನಿಗೂ ಬೆಳಗಾವಿ ಅಥವಾ ಹುಬ್ಬಳ್ಳಿಯ ರಸ್ತೆ ಕಾಮಗಾರಿಗೆ ನೇಮಕವಾಗುವ ಸಲಹಾ ಅಭಿಯಂತರರ ಶುಲ್ಕಕ್ಕೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಸಂಬಂಧವಿದೆ. ರಾಯಬಾಗ ತಾಲೂಕಿನಿಂದ ಬೆಲ್ಲ, ಅರಿಸಿನ ಅಥವಾ ಗೋವಿನಜೋಳ ಹೇರಿಕೊಂಡು ಹೊರಟ ಲಾರಿಗೆ ತಡವಾಗುವುದು ಬಹುಮಟ್ಟಿಗೆ ಹೆದ್ದಾರಿಯಲ್ಲಲ್ಲ, ತಲುಪಬೇಕಾದ ಪೇಟೆಯ ಕೊನೆಯ ಎರಡು ಕಿಲೋಮೀಟರುಗಳಲ್ಲಿ. ಅಲ್ಲಿ ರಸ್ತೆ ಅಗೆದಿರುತ್ತದೆ. ಲಾರಿ ಹೊರಗೇ ನಿಲ್ಲುತ್ತದೆ. ಹಾಲ್ಟಿಂಗ್ ಹಣವೂ ಎರಡನೆಯ ಹಮಾಲಿಯೂ ಸರಕಿನ ಮೇಲೆ ಬೀಳುತ್ತವೆ. ಆ ರಸ್ತೆ ಆರು ತಿಂಗಳಲ್ಲಿ ಮುಗಿಯುವುದೋ ಎರಡು ವರ್ಷ ಹಿಡಿಯುವುದೋ ಎಂಬುದು ಗುತ್ತಿಗೆದಾರನ ಯಂತ್ರ ನೆಲಕ್ಕಿಳಿಯುವ ಮುನ್ನವೇ, ಸಲಹಾ ಸಂಸ್ಥೆಯೊಡನೆ ಮಾಡಿಕೊಂಡ ಕರಾರಿನಲ್ಲಿ ಬಹುಪಾಲು ನಿರ್ಧಾರವಾಗಿರುತ್ತದೆ. ಇಷ್ಟಾದರೂ ನಮ್ಮ ಸಭೆಗಳಲ್ಲಿ ಗುತ್ತಿಗೆದಾರನ ಬಗ್ಗೆ ನಡೆಯುವ ಚರ್ಚೆಯ ಹತ್ತನೆಯ ಒಂದು ಪಾಲೂ ಸಲಹೆಗಾರನ ಬಗ್ಗೆ ನಡೆಯುವುದಿಲ್ಲ.

ಸಲಹಾ ಶುಲ್ಕವೆಂದರೆ ಒಂದೇ ಬಗೆಯ ವೆಚ್ಚವಲ್ಲ. ಮೊದಲನೆಯದು ಸರ್ವೇಕ್ಷಣೆ, ವಾಹನ ಗಣತಿ, ಮಣ್ಣು ಪರೀಕ್ಷೆ, ನೆಲದಡಿಯ ಕೊಳವೆ ಮತ್ತು ತಂತಿಗಳ ಶೋಧ ಮೊದಲಾದವುಗಳಿಂದ ಸಿದ್ಧವಾಗುವ ವಿಸ್ತೃತ ಯೋಜನಾ ವರದಿಯ, ಅಂದರೆ ಡಿ.ಪಿ.ಆರ್. ವೆಚ್ಚ. ಎರಡನೆಯದು ವಿವರ ನಕ್ಷೆ ಮತ್ತು ಟೆಂಡರ್ ದಾಖಲೆಗಳದು. ಮೂರನೆಯದು ಕಾಮಗಾರಿ ನಡೆಯುವಷ್ಟು ಕಾಲವೂ ಮೇಲ್ವಿಚಾರಣೆಗೆ ನಿಲ್ಲುವ ತಂಡದ ವೆಚ್ಚ. ಮೊದಲ ಎರಡು ಸಾಮಾನ್ಯವಾಗಿ ಇಡಿಗಂಟಿನ ಮೊತ್ತಗಳು. ಮೂರನೆಯದು ತಿಂಗಳ ಲೆಕ್ಕದ್ದು. ಯಾವ ಅಭಿಯಂತರ ಎಷ್ಟು ತಿಂಗಳು ದುಡಿದನೆಂಬ ಮ್ಯಾನ್-ಮಂತ್ ಲೆಕ್ಕದಲ್ಲಿ ಬಿಲ್ಲು ಬರುತ್ತದೆ. ಹಣ ಸೋರುವುದು ಬಹುತೇಕ ಈ ಮೂರನೆಯ ತೂಬಿನಲ್ಲಿ. ಆದರೆ ಉಳಿತಾಯದ ಮಾತು ಬಂದಾಗಲೆಲ್ಲ ಕತ್ತರಿ ಬೀಳುವುದು ಮೊದಲನೆಯದರ ಮೇಲೆ.

ಒಟ್ಟು ಮೊತ್ತದ ಅಂದಾಜಿಗಾಗಿ ಒಂದು ಅಂಕಿಯನ್ನು ಗಮನಿಸಬಹುದು. 2015ರ ಜೂನ್ 25ರಂದು ಆರಂಭವಾಗಿ 2025ರ ಮಾರ್ಚ್ 31ಕ್ಕೆ ಮುಕ್ತಾಯಗೊಂಡ ಸ್ಮಾರ್ಟ್ ಸಿಟಿ ಮಿಷನ್ನಿನ ಮಾರ್ಗಸೂಚಿಯಲ್ಲಿ ಕೇಂದ್ರದ ಅನುದಾನದ ಶೇ. 93ರಷ್ಟು ಕಾಮಗಾರಿಗಳಿಗೆ, ಶೇ. 5ರಷ್ಟು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಆಡಳಿತ ವೆಚ್ಚಕ್ಕೆ, ಶೇ. 2ರಷ್ಟು ಕೇಂದ್ರ ಸಚಿವಾಲಯಕ್ಕೆ ಮೀಸಲಾಗಿತ್ತು. ಯೋಜನಾ ನಿರ್ವಹಣಾ ಸಲಹೆಗಾರರ ಶುಲ್ಕವು ಆ ಶೇ. 5ರೊಳಗಿನ ಬಾಬು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಳಗಾವಿ ಮತ್ತು ದಾವಣಗೆರೆ ಇದ್ದವು. ಒಂದು ನಗರಕ್ಕೆ ಕೇಂದ್ರದ ಪಾಲು 500 ಕೋಟಿ ರೂಪಾಯಿ ಎಂದು ಹಿಡಿದರೆ ಆ ಶೇ. 5 ಎಂಬುದು 25 ಕೋಟಿ. ಚಿಕ್ಕ ಮೊತ್ತವಲ್ಲ, ಆದರೆ ಉಳಿದ 475 ಕೋಟಿಯ ಗತಿ ಏನಾಗುವುದೆಂಬುದನ್ನು ನಿರ್ಧರಿಸುವ ಮೊತ್ತ ಇದೇ.

ಒಂದು ಕಾಲ್ಪನಿಕ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಕಲ್ಪಿತ ಅಂಕಿಗಳಿಂದಲೇ ಒಂದು ಉದಾಹರಣೆ ನೋಡೋಣ. ಪೇಟೆಯ ನಡುವಿನ ನಾಲ್ಕು ಕಿಲೋಮೀಟರು ರಸ್ತೆ. ಅಂದಾಜು 60 ಕೋಟಿ. ಅವಧಿ 18 ತಿಂಗಳು. ಡಿ.ಪಿ.ಆರ್. ಮತ್ತು ನಕ್ಷೆಗೆ 60 ಲಕ್ಷ. ಮೇಲ್ವಿಚಾರಣಾ ತಂಡಕ್ಕೆ ತಿಂಗಳಿಗೆ 10 ಲಕ್ಷದಂತೆ 1.80 ಕೋಟಿ. ಒಟ್ಟು 2.40 ಕೋಟಿ, ಅಂದರೆ ಶೇ. 4. ಶುಲ್ಕ ಹೆಚ್ಚಾಯಿತೆಂದು ಸಭೆಯಲ್ಲಿ ಆಕ್ಷೇಪ ಬರುತ್ತದೆ. ನೆಲದಡಿಯ ಶೋಧ ಮತ್ತು ಪರೀಕ್ಷಾ ಗುಂಡಿಗಳ ಬಾಬನ್ನು ಕೈಬಿಟ್ಟು 15 ಲಕ್ಷ ಉಳಿಸಲಾಗುತ್ತದೆ. ಎಲ್ಲರಿಗೂ ಸಮಾಧಾನ.

ಕೆಲಸ ಆರಂಭವಾದ ಮೂರನೆಯ ತಿಂಗಳಲ್ಲಿ ನಕ್ಷೆಯಲ್ಲಿಲ್ಲದ ಹಳೆಯ ನೀರಿನ ಕೊಳವೆ ಯಂತ್ರದ ಬಾಯಿಗೆ ಸಿಗುತ್ತದೆ. ಚರಂಡಿಯ ಜಾಗ ಬದಲಿಸಬೇಕು, ಬದಲಿಸಿದ ಜಾಗದಲ್ಲಿ ವಿದ್ಯುತ್ ಕೇಬಲ್ ಇದೆ, ಅದನ್ನು ಸರಿಸಲು ಹೆಸ್ಕಾಂನ ಅಂದಾಜುಪಟ್ಟಿ ಬೇಕು. ಹೀಗೆ 12 ತಿಂಗಳು ಹೆಚ್ಚಾದರೆ ಮೇಲ್ವಿಚಾರಣೆಯ ಹೆಚ್ಚುವರಿ ಬಿಲ್ಲೇ 1.20 ಕೋಟಿ, ಅಂದರೆ ಉಳಿಸಿದ್ದರ ಎಂಟು ಪಟ್ಟು. ಗುತ್ತಿಗೆದಾರನ ದರ ಹೊಂದಾಣಿಕೆಯ ಬೇಡಿಕೆ ಬೇರೆ. ಇನ್ನು ನಮ್ಮ ಕಡೆಯ ಲೆಕ್ಕ: ಆ ರಸ್ತೆಯಲ್ಲಿ 160 ಅಂಗಡಿಗಳಿದ್ದು ಪ್ರತಿಯೊಂದಕ್ಕೂ ದಿನಕ್ಕೆ ಬರೀ 500 ರೂಪಾಯಿ ನಿವ್ವಳ ಆದಾಯ ಖೋತಾ ಆದರೂ, ಹೆಚ್ಚುವರಿಯಾದ 300 ವ್ಯಾಪಾರದ ದಿನಗಳಿಗೆ 2.40 ಕೋಟಿಯಾಗುತ್ತದೆ. ಮೂಲ ಸಲಹಾ ಶುಲ್ಕ ಪೂರ್ತಿ ಎಷ್ಟಿತ್ತೋ ಅಷ್ಟನ್ನು ಅಂಗಡಿಕಾರರು ತಮ್ಮ ಗಲ್ಲಾಪೆಟ್ಟಿಗೆಯಿಂದ ಕೊಟ್ಟಂತಾಯಿತು. ಈ ಬಾಬು ಯಾವ ಕಚೇರಿಯ ಕಡತದಲ್ಲೂ ಜಮಾ ಆಗುವುದಿಲ್ಲ.

ನೆಲದ ಮೇಲಿನದು, ನೆಲದೊಳಗಿನದು

ಕಾಲ್ಪನಿಕ ಉದಾಹರಣೆ ಸಾಕು. ನಮ್ಮ ಜಿಲ್ಲೆಯದೇ ಪ್ರಸಂಗ ನೋಡೋಣ. ಬೆಳಗಾವಿಯ ಶಹಾಪುರದಲ್ಲಿ ಬ್ಯಾಂಕ್ ಆಫ್ ಇಂಡಿಯಾ ಕಡೆಯಿಂದ ಹಳೆಯ ಪಿ.ಬಿ. ರಸ್ತೆಗೆ ಸೇರುವಂತೆ ಸ್ಮಾರ್ಟ್ ಸಿಟಿ ಯೋಜನೆಯಡಿ ರಸ್ತೆ ನಿರ್ಮಾಣವಾಯಿತು. ಖಾಸಗಿ ಜಮೀನೊಂದನ್ನು ವಿಧಿವತ್ತಾಗಿ ಸ್ವಾಧೀನಪಡಿಸಿಕೊಳ್ಳದೆ ರಸ್ತೆಗೆ ಬಳಸಿಕೊಂಡದ್ದರಿಂದ ಮಾಲೀಕರು ಹೈಕೋರ್ಟಿನ ಧಾರವಾಡ ಪೀಠದ ಮೊರೆಹೋದರು. 20 ಕೋಟಿ ರೂಪಾಯಿ ಪರಿಹಾರದ ಹೊಣೆ ಮಹಾನಗರ ಪಾಲಿಕೆಯ ತಲೆಯ ಮೇಲೆ ಬಂದಿತು. 2024ರಲ್ಲಿ ಪಾಲಿಕೆಯು ರಸ್ತೆಯಾಗಿದ್ದ ಜಮೀನನ್ನೇ ಮಾಲೀಕರಿಗೆ ಮರಳಿ ಒಪ್ಪಿಸಬೇಕಾಯಿತು. ಸಾರ್ವಜನಿಕ ಹಣದಿಂದ ಹಾಕಿದ ರಸ್ತೆ, ಅದರ ಮೇಲೆ ನಡೆದ ವಾಹನ ಸಂಚಾರ, ಎಲ್ಲವೂ ಆ ತುಂಡು ನೆಲದ ಮಟ್ಟಿಗೆ ಮೊದಲಿನ ಸ್ಥಿತಿಗೆ ಬಂದವು. ಇಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಪ್ರತಿಯೊಂದು ಸರ್ವೇ ನಂಬರಿನ ಉತಾರ, ನಕ್ಷೆ, ಸ್ವಾಧೀನದ ಆದೇಶ ಇವುಗಳನ್ನು ತಾಳೆ ನೋಡಿ ಪಟ್ಟಿ ಮಾಡುವ ಕೆಲಸ ಕೆಲವು ಲಕ್ಷಗಳಲ್ಲಿ ಮುಗಿಯುವಂಥದು. ಅದು ಸಲಹಾ ಸಂಸ್ಥೆಯ ಕಾರ್ಯವ್ಯಾಪ್ತಿಯಲ್ಲಿ ಬರೆದಿರಬೇಕು. ಆ ಪಟ್ಟಿ ಸಲ್ಲಿಕೆಯಾಗದ ಹೊರತು ಡಿ.ಪಿ.ಆರ್.ನ ಅಂತಿಮ ಕಂತು ಬಿಡುಗಡೆಯಾಗಬಾರದು.

ನೆಲದೊಳಗಿನ ಸಂಗತಿ ಇನ್ನೂ ಜಟಿಲ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳ ಹೆಸರನ್ನು ಸದಸ್ಯರು ಕೇಳಿರಬಹುದು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ್ ಮಲ್ಯ ರಸ್ತೆ ಮೊದಲಾದವು ಮೊದಲ ಹಂತದವು. ಅವುಗಳ ಮೂಲತತ್ವ ಸರಳ: ನೀರು, ಒಳಚರಂಡಿ, ಮಳೆನೀರು, ವಿದ್ಯುತ್, ದೂರವಾಣಿ ಎಲ್ಲವನ್ನೂ ಮೊದಲು ಗುರುತಿಸಿ, ಪಾದಚಾರಿ ಮಾರ್ಗದಡಿಯಲ್ಲಿ ಗೊತ್ತಾದ ಸ್ಥಾನದಲ್ಲಿ ಕೂರಿಸಿ, ಅಲ್ಲಲ್ಲಿ ತೆರೆಯಲು ಬರುವ ಗುಂಡಿಗಳನ್ನು ಬಿಟ್ಟು, ಅನಂತರ ಡಾಂಬರು ಹಾಕುವುದು. ಕಿಲೋಮೀಟರಿಗೆ ತಗಲಿದ ವೆಚ್ಚ ಕೋಟಿಗಟ್ಟಲೆ ಎಂಬ ಟೀಕೆ ಅವುಗಳ ಮೇಲೆ ಬಂತು; ಕಾಮಗಾರಿ ನಡೆದಷ್ಟು ಕಾಲ ವ್ಯಾಪಾರಿಗಳು ಪಟ್ಟ ಕಷ್ಟವೂ ನಿಜ. ಆದರೆ ಹೊಸ ಕೊಳವೆಗಾಗಿ ಮತ್ತೆ ಮತ್ತೆ ರಸ್ತೆ ಅಗೆಯುವ ಅಗತ್ಯವನ್ನು ಆ ವಿನ್ಯಾಸ ತಪ್ಪಿಸುತ್ತದೆ ಎಂಬುದನ್ನು ಟೀಕಾಕಾರರೂ ಅಲ್ಲಗಳೆಯಲಾರರು. ನಗರ ರಸ್ತೆಗಳ ಅಡಿಯಲ್ಲಿ ಸೇವಾ ಮಾರ್ಗಗಳನ್ನು ಹೇಗೆ ಕೂರಿಸಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. 98 ಎಂಬ ಮಾರ್ಗಸೂಚಿಯೇ ಇದೆ. ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಮೂರು ನಗರಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದು, ಮುಂದೆ ಅದನ್ನು ನಗರದ ಉಳಿದ ಭಾಗಕ್ಕೆ ವಿಸ್ತರಿಸುವ ಯೋಜನೆ ಬಂತು. ಅಂದರೆ ರಸ್ತೆಯನ್ನು ಒಂದು ಸಂಸ್ಥೆ ಕಟ್ಟುತ್ತದೆ, ಅದರಡಿಯ ಕೊಳವೆಯನ್ನು ಇನ್ನೊಂದು ಸಂಸ್ಥೆ ಹಾಕುತ್ತದೆ. ಇಬ್ಬರಿಗೂ ಬೇರೆ ಬೇರೆ ಸಲಹೆಗಾರರು, ಬೇರೆ ಬೇರೆ ವೇಳಾಪಟ್ಟಿ. ಹೀಗಿರುವಾಗ ಒಬ್ಬ ಸಲಹೆಗಾರನ ನಕ್ಷೆಯನ್ನು ಇನ್ನೊಬ್ಬನು ನೋಡಿ ಸಹಿ ಮಾಡಬೇಕೆಂಬ ಒಂದು ಷರತ್ತು ಕರಾರಿನಲ್ಲಿದ್ದರೆ ಅದಕ್ಕೆ ತಗಲುವ ಶುಲ್ಕ ನಗಣ್ಯ. ಇಲ್ಲದಿದ್ದರೆ ತಗಲುವ ವೆಚ್ಚವನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಆಯ್ಕೆಯಲ್ಲಿನ ಸೂಕ್ಷ್ಮ

ಸಲಹಾ ಸಂಸ್ಥೆಯನ್ನು ಕಡಿಮೆ ದರ ಹೇಳಿದವನೆಂಬ ಒಂದೇ ಕಾರಣಕ್ಕೆ ಆರಿಸುವುದು ವಾಡಿಕೆಯಲ್ಲ. ತಾಂತ್ರಿಕ ಅಂಕ ಮತ್ತು ದರದ ಅಂಕ ಎರಡನ್ನೂ ನಿಗದಿತ ಪ್ರಮಾಣದಲ್ಲಿ ಕೂಡಿಸುವ ಪದ್ಧತಿ ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ತಾಂತ್ರಿಕ ಅಂಶಕ್ಕೆ ಶೇ. 80ನ್ನು ಮೀರಿದ ತೂಕ ಕೊಡಬಾರದೆಂದು ಹೇಳುತ್ತವೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಖರೀದಿಗೆ 1999ರ ಪಾರದರ್ಶಕತೆ ಕಾಯಿದೆ ಅನ್ವಯವಾಗುತ್ತದೆ. ಈ ತೂಕದ ಅನುಪಾತವು ಔಪಚಾರಿಕ ಸಂಗತಿಯಂತೆ ಕಂಡರೂ ಫಲಿತಾಂಶವನ್ನೇ ಬದಲಿಸಬಲ್ಲದು. ಮೂರು ಸಂಸ್ಥೆಗಳ ತಾಂತ್ರಿಕ ಅಂಕ ಕ್ರಮವಾಗಿ 90, 80, 72. ದರ ಕ್ರಮವಾಗಿ 1.20 ಕೋಟಿ, 96 ಲಕ್ಷ, 60 ಲಕ್ಷ ಎಂದಿಟ್ಟುಕೊಳ್ಳಿ. ಅತಿ ಕಡಿಮೆ ದರಕ್ಕೆ 100 ಅಂಕ, ಉಳಿದವರಿಗೆ ಅದೇ ಪ್ರಮಾಣದಲ್ಲಿ 50 ಮತ್ತು 62.5. ಅನುಪಾತ 80:20 ಇದ್ದರೆ ಮೊತ್ತ 82, 76.5, 77.6; ಮೊದಲನೆಯವನು ಗೆಲ್ಲುತ್ತಾನೆ. ಅದನ್ನೇ 70:30 ಮಾಡಿದರೆ 78, 74.75, 80.4, ಮೂರನೆಯವನು ಗೆಲ್ಲುತ್ತಾನೆ. ಅರ್ಧ ಬೆಲೆಗೆ ಕೆಲಸ ಒಪ್ಪಿಕೊಂಡವನು ಯಾವುದನ್ನು ಅರ್ಧ ಮಾಡುತ್ತಾನೆಂಬುದು ವ್ಯಾಪಾರಸ್ಥರಾದ ನಮಗೆ ತಿಳಿಯದ ವಿಷಯವಲ್ಲ. ಜಟಿಲವಾದ ಪೇಟೆ ರಸ್ತೆಗೆ 80:20, ಹೊರವಲಯದ ಸರಳ ಬಡಾವಣೆ ರಸ್ತೆಗೆ ಕಡಿಮೆ ದರದ ಆಯ್ಕೆ, ಹೀಗೆ ಕೆಲಸ ನೋಡಿ ಅಳತೆ ಬದಲಿಸುವುದು ಉಚಿತ.

ದರ ಹೆಚ್ಚು ಕೊಟ್ಟ ಮಾತ್ರಕ್ಕೆ ಗುಣಮಟ್ಟ ತಾನಾಗಿ ಬರುವುದಿಲ್ಲವೆಂಬುದಕ್ಕೂ ಉದಾಹರಣೆಯಿದೆ. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಡಿ.ಪಿ.ಆರ್.ಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು ಒಂಬತ್ತೂವರೆ ಕೋಟಿ ರೂಪಾಯಿಗೆ ಸಂಸ್ಥೆಯೊಂದನ್ನು ನೇಮಿಸಿತು. 2024ರಲ್ಲಿ ಸಲ್ಲಿಕೆಯಾದ ವರದಿಯಲ್ಲಿ ಬೆಂಗಳೂರಿಗೆ ಸಂಬಂಧವೇ ಇಲ್ಲದ ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕಗಳ ಉಲ್ಲೇಖ ನುಸುಳಿದ್ದು ಬಯಲಾಗಿ, ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ವಿಧಿಸಲಾಯಿತು. ಹದಿನೇಳು ಸಾವಿರ ಕೋಟಿಗೂ ಮೀರಿದ ಅಂದಾಜಿನ ಯೋಜನೆಗೆ ಆಧಾರವಾಗಬೇಕಾದ ದಾಖಲೆ ಅದು. ದಂಡವಾದರೋ ಶುಲ್ಕದ ಶೇ. 1ನ್ನೂ ಮುಟ್ಟಲಿಲ್ಲ. ಗೋಣಿಚೀಲದ ತೂಕದಲ್ಲಿ ಮೋಸವಾದರೆ ನಾವು ಇದಕ್ಕಿಂತ ಹೆಚ್ಚು ಮುರಿದುಕೊಳ್ಳುತ್ತೇವೆ. ವರದಿಯನ್ನು ಬೇರೊಬ್ಬ ತಜ್ಞನಿಂದ, ಸಾಧ್ಯವಾದರೆ ಸಮೀಪದ ಎಂಜಿನಿಯರಿಂಗ್ ಕಾಲೇಜಿನಿಂದ, ಪರಿಶೀಲಿಸಿದ ಮೇಲೆಯೇ ಶುಲ್ಕದ ದೊಡ್ಡ ಕಂತು ಬಿಡುಗಡೆಯಾಗುವಂತೆ ಕರಾರು ಇರಬೇಕು.

ತಿಂಗಳ ಬಿಲ್ಲು ಮತ್ತು ಶೇಕಡಾವಾರು ಶುಲ್ಕ

ಮೇಲ್ವಿಚಾರಣೆಯ ಶುಲ್ಕವನ್ನು ಕಾಮಗಾರಿ ಮೊತ್ತದ ಶೇಕಡಾವಾರು ನಿಗದಿ ಮಾಡುವುದು ಹಳೆಯ ಪದ್ಧತಿ. ಇದರ ದೋಷ ಮೇಲ್ನೋಟಕ್ಕೇ ಕಾಣುತ್ತದೆ. ನಮ್ಮ ಕಲ್ಪಿತ 60 ಕೋಟಿಯ ಕೆಲಸ 72 ಕೋಟಿಗೆ ಏರಿದರೆ ಶೇ. 3ರ ದರದಲ್ಲಿ ಸಲಹೆಗಾರನಿಗೆ 36 ಲಕ್ಷ ಹೆಚ್ಚು. ವೆಚ್ಚವನ್ನು ಹದ್ದುಬಸ್ತಿನಲ್ಲಿ ಇಡಬೇಕಾದವನಿಗೇ ವೆಚ್ಚ ಏರಿದರೆ ಲಾಭ. ಕೇಂದ್ರ ಜಾಗೃತ ಆಯೋಗದ ತಾಂತ್ರಿಕ ಪರೀಕ್ಷಾ ವಿಭಾಗವು 2002ರ ನವೆಂಬರಿನಲ್ಲೇ ಈ ಬಗ್ಗೆ ಎಚ್ಚರಿಸಿದೆ: ಅಗತ್ಯವಿದ್ದಲ್ಲಿ ಮಾತ್ರ ಸಲಹೆಗಾರರ ನೇಮಕ, ಶುಲ್ಕಕ್ಕೆ ಮೇಲ್ಮಿತಿ, ಮೂಲ ಗುತ್ತಿಗೆ ಮೊತ್ತಕ್ಕೆ ಕಟ್ಟಿಹಾಕಿದ ಲೆಕ್ಕ, ಅಂತಿಮ ಹೊಣೆ ಇಲಾಖೆಯ ಅಧಿಕಾರಿಗಳದೇ. ಎರಡು ದಶಕಗಳ ಮೇಲೂ ಈ ನಾಲ್ಕು ಮಾತುಗಳಿಗೆ ಸೇರಿಸಬೇಕಾದದ್ದು ಹೆಚ್ಚಿಲ್ಲ.

ತಿಂಗಳ ಲೆಕ್ಕದ ಪದ್ಧತಿಯಲ್ಲಿ ತೊಡಕು ಬೇರೆ ಬಗೆಯದು. ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆಯನ್ನೇ ನೋಡಿ. ಅದಕ್ಕೆ ನೆರವಾದ ಸುಸ್ಥಿರ ನಗರ ಸಾರಿಗೆ ಯೋಜನೆಗೆ ವಿಶ್ವಬ್ಯಾಂಕ್ ಒಪ್ಪಿಗೆ ನೀಡಿದ್ದು 2009ರಲ್ಲಿ. ಸುಮಾರು 22 ಕಿಲೋಮೀಟರಿನ ಮಾರ್ಗದಲ್ಲಿ ಚಿಗರಿ ಬಸ್ಸುಗಳ ಪ್ರಾಯೋಗಿಕ ಓಡಾಟ ಆರಂಭವಾದದ್ದು 2018ರ ಅಕ್ಟೋಬರಿನಲ್ಲಿ. ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರವರಿಯಲ್ಲಿ. ಭೂಸ್ವಾಧೀನ, ಕಟ್ಟಡಗಳ ತೆರವು, ಸೇತುವೆಗಳು, ಸೇವಾ ಮಾರ್ಗಗಳ ಸ್ಥಳಾಂತರ ಎಲ್ಲವೂ ಸೇರಿದ ಕೆಲಸಕ್ಕೆ ಕಾಲ ಬೇಕೇ ಬೇಕು. ಆದರೆ ಇಷ್ಟು ದೀರ್ಘವಾಗಿ ಹರಿಯುವ ಯೋಜನೆಯಲ್ಲಿ ತಿಂಗಳ ಶುಲ್ಕದ ತಂಡವನ್ನು ಮೊದಲ ದಿನದಿಂದಲೇ ಪೂರ್ತಿಯಾಗಿ ನಿಲ್ಲಿಸುವುದು ಗಾಣಕ್ಕೆ ಕಬ್ಬು ಬರುವ ಮುನ್ನವೇ ಆಳುಗಳಿಗೆ ಸಂಬಳ ಕೊಟ್ಟು ಕೂರಿಸಿದಂತೆ. ಜಮೀನು ಕೈಗೆ ಬಂದ ಭಾಗಕ್ಕೆ ಮಾತ್ರ ತಂಡವನ್ನು ಇಳಿಸುವ, ಕೆಲಸ ನಿಂತ ತಿಂಗಳುಗಳಲ್ಲಿ ಒಬ್ಬಿಬ್ಬರನ್ನಷ್ಟೇ ಉಳಿಸುವ ಅಧಿಕಾರ ಕರಾರಿನಲ್ಲಿರಬೇಕು. ಇನ್ನೊಂದು ಮಾತು: ಬಸ್ಸುಗಳು ಓಡತೊಡಗಿದ ಮೇಲೂ ಧಾರವಾಡದ ಟೋಲ್ ನಾಕಾ ಬಳಿ ಮಳೆ ಬಂದಾಗಲೆಲ್ಲ ರಸ್ತೆಯಲ್ಲಿ ನೀರು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆದ್ದರಿಂದ ಶುಲ್ಕದ ಒಂದು ಭಾಗವನ್ನು, ಶೇ. 10ರಷ್ಟನ್ನಾದರೂ, ಕಾಮಗಾರಿ ಮುಗಿದ ನಂತರದ ಎರಡು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು ಒಳ್ಳೆಯದೆಂಬುದು ಈ ಲೇಖಕನ ಅಭಿಪ್ರಾಯ. ಸಲಹಾ ಸಂಸ್ಥೆಗಳು ಇದನ್ನು ವಿರೋಧಿಸುತ್ತವೆ. ಬ್ಯಾಂಕ್ ಗ್ಯಾರಂಟಿ ಪಡೆದು ಹಣ ಬಿಡುವ ಮಧ್ಯಮ ಮಾರ್ಗವಿದೆ.

ತಂಡದ ಹಾಜರಿಯ ಬಗ್ಗೆಯೂ ಹೇಳಲೇಬೇಕು. ಟೆಂಡರಿನಲ್ಲಿ ಇಪ್ಪತ್ತೈದು ವರ್ಷ ಅನುಭವದ ತಜ್ಞರ ಹೆಸರು ತೋರಿಸಿ ಅಂಕ ಗಿಟ್ಟಿಸುವುದು, ಕೆಲಸ ಸಿಕ್ಕ ಮೇಲೆ ಅವರ ಬದಲಿಗೆ ಇತ್ತೀಚೆಗೆ ಓದು ಮುಗಿಸಿದ ಹುಡುಗರನ್ನು ಕಳಿಸುವುದು ಅಪರೂಪವಲ್ಲ. ಹಿರಿಯ ತಜ್ಞರು ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ತಿಂಗಳಿಗೊಮ್ಮೆ ಬಂದು ಹೋದರೂ ಬಿಲ್ಲು ಪೂರ್ಣ ತಿಂಗಳಿನದೇ. ಬದಲಿ ತಜ್ಞ ಬಂದರೆ ದರ ಕಡಿತ, ಸ್ಥಳದಲ್ಲಿದ್ದ ದಿನಗಳಿಗೆ ಮಾತ್ರ ಹಣ, ಪ್ರತಿ ಬಿಲ್ಲಿನೊಡನೆ ಹಾಜರಿ ಪುಸ್ತಕದ ಪ್ರತಿ: ಈ ಮೂರನ್ನು ಬರೆದಿಟ್ಟರೆ ಸಾಕು, ದರದ ಮೇಲೆ ಚೌಕಾಸಿ ಮಾಡುವುದಕ್ಕಿಂತ ಹೆಚ್ಚು ಉಳಿಯುತ್ತದೆ.

ತೆರಿಗೆಯ ಒಂದು ಅಂಶ ಹಲವರ ಗಮನಕ್ಕೆ ಬಂದಂತಿಲ್ಲ. ರಸ್ತೆಗಳು ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದತ್ತವಾದ ಕೆಲಸಗಳಲ್ಲಿ ಸೇರಿರುವುದರಿಂದ, ಪಾಲಿಕೆ ಅಥವಾ ಪುರಸಭೆಯೇ ನೇರವಾಗಿ ಪಡೆಯುವ ಶುದ್ಧ ಸಲಹಾ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಅದೇ ಸೇವೆಯನ್ನು ಸರ್ಕಾರಿ ಒಡೆತನದ ಕಂಪನಿಯ ಮೂಲಕ ಪಡೆದರೆ 2022ರ ಜನವರಿ 1ರಿಂದ ಆ ವಿನಾಯಿತಿ ಇಲ್ಲ, ಶೇ. 18 ತೆರಿಗೆ ಬೀಳುತ್ತದೆ. ಎರಡು ಕೋಟಿಯ ಶುಲ್ಕಕ್ಕೆ 36 ಲಕ್ಷದ ಅಂತರ. ಯಾರ ಹೆಸರಿನಲ್ಲಿ ಕರಾರು ಎಂಬುದನ್ನು ನಿರ್ಧರಿಸುವಾಗ ಲೆಕ್ಕಿಗರನ್ನು ಒಮ್ಮೆ ಕೇಳುವುದು ಮೇಲು.

ಸದಸ್ಯರು ಮಾಡಬಹುದಾದದ್ದು

ರಾಯಬಾಗ, ಹಾರೂಗೇರಿ, ಮುಗಳಖೋಡ, ಕುಡಚಿಗಳಂಥ ಊರುಗಳಲ್ಲಿ ಮುಂದೆ ಪೇಟೆ ರಸ್ತೆಯ ಅಗಲೀಕರಣ ಬಂದಾಗ ಸಲಹಾ ಸಂಸ್ಥೆಯ ಶುಲ್ಕ ಚಿಕ್ಕದೇ ಇರುತ್ತದೆ. ದೊಡ್ಡ ನಗರದ ಕರಾರನ್ನು ಹಾಗೆಯೇ ನಕಲು ಮಾಡಿದರೆ ಮೂಗಿಗಿಂತ ಮೂಗುತಿ ಭಾರವಾದೀತು. ಅಂಥಲ್ಲಿ ಪೂರ್ಣಾವಧಿ ತಂಡ ಬೇಡ. ಶೋಧಕ್ಕೆ ಮತ್ತು ನಕ್ಷೆಗೆ ಒಳ್ಳೆಯ ಹಣ ಕೊಟ್ಟು, ಮೇಲ್ವಿಚಾರಣೆಯನ್ನು ಇಲಾಖೆಯ ಅಭಿಯಂತರರಿಗೇ ಬಿಟ್ಟು, ಚರಂಡಿಯ ತಳ, ಜಲ್ಲಿ ಹಾಸು, ಕಾಂಕ್ರೀಟು ಈ ಮೂರು ಹಂತಗಳಲ್ಲಿ ಮಾತ್ರ ಹೊರಗಿನ ತಜ್ಞನ ಭೇಟಿಯನ್ನು ಗೊತ್ತುಪಡಿಸುವುದು ಮಿತವ್ಯಯದ ದಾರಿ.

ವರ್ತಕರ ಬಳಿ ಹಣವಲ್ಲದೆ ಇನ್ನೊಂದು ಬಂಡವಾಳವಿದೆ. ನೆಲಮಾಳಿಗೆ ತೋಡಿಸುವಾಗ ಸಿಕ್ಕ ಕೊಳವೆ, ಅಜ್ಜನ ಕಾಲದಲ್ಲಿ ಮುಚ್ಚಿದ ಬಾವಿ, ಯಾವ ಮಳೆಗೆ ಯಾವ ಅಂಗಡಿಯ ಮೆಟ್ಟಿಲು ಮುಳುಗುತ್ತದೆ ಎಂಬ ನೆನಪು: ರೇಡಾರ್ ಯಂತ್ರಕ್ಕೂ ಕಾಣದ ಈ ಮಾಹಿತಿ ಪೇಟೆಯ ಹಿರಿಯರಲ್ಲಿ ಇರುತ್ತದೆ. ಸರ್ವೇಕ್ಷಣೆಯ ತಂಡ ಬಂದ ವಾರದಲ್ಲೇ ಅಂಗಡಿ ಸಂಖ್ಯೆ ಸಹಿತ ಒಂದು ಪಟ್ಟಿ ಮಾಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದ್ದು ನಕ್ಷೆಗೆ ಏರುವುದಿಲ್ಲ.

ಕರಾರಿನ ಕಾರ್ಯವ್ಯಾಪ್ತಿ, ತಜ್ಞರ ಪಟ್ಟಿ, ತಿಂಗಳ ಬಿಲ್ಲು, ಹಾಜರಿ ಪುಸ್ತಕ ಇವುಗಳ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಕಾಮಗಾರಿ ಮುಗಿದ ಮೇಲೆ ಕೇಳುವುದಕ್ಕಿಂತ ಕಾರ್ಯಾದೇಶವಾದ ಮೊದಲ ತಿಂಗಳಲ್ಲೇ ಕೇಳುವುದು ಲೇಸು. ಆಗ ಕರಾರಿನಲ್ಲಿ ಬಿಟ್ಟುಹೋದದ್ದನ್ನು ತಿದ್ದಲು ಅವಕಾಶವಿರುತ್ತದೆ. ಅರ್ಜಿಯನ್ನು ಒಬ್ಬ ಅಂಗಡಿಕಾರನ ಹೆಸರಿನಲ್ಲಿ ಹಾಕಿ ಅವನೊಬ್ಬನನ್ನೇ ಅಧಿಕಾರಿಗಳ ಕಣ್ಣಿಗೆ ಬೀಳಿಸುವ ಬದಲು ಸಂಘದ ಪದಾಧಿಕಾರಿಯೊಬ್ಬರು ಅರ್ಜಿದಾರರಾಗುವುದು ಸೂಕ್ತ. ಹತ್ತು ರೂಪಾಯಿಯ ಅರ್ಜಿ ಶುಲ್ಕ, ಪುಟಕ್ಕೆ ಎರಡು ರೂಪಾಯಿಯ ಪ್ರತಿ ಶುಲ್ಕ, ಇಷ್ಟೇ ಖರ್ಚು.